ಹಸಿರು ಯಂತ್ರ ಮೊದಲು ಕೆಡಲಿ: ಪರಿಸರದ ಸೈಫೈ ಸಾಹಸ ಕಥೆ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

2075ನೇ ಇಸವಿ. ಬೆಂಗಳೂರು. ಗಾಜಿನ ಗೋಪುರಗಳ ತುಂಬ ಹಸಿರು ಬಳ್ಳಿ. ಹಾರುವ ಕಾರಿನಲ್ಲಿ ಕೂತ ವಿಜ್ಞಾನಿ ಅಪ್ಪ ಮಗನಿಗೆ ಹೇಳುತ್ತಾನೆ: "ನೋಡು ಮಗು, ಒಂದು ಕಾಲದಲ್ಲಿ ಇಲ್ಲೆಲ್ಲ ಹೊಗೆ ತುಂಬಿತ್ತು..."

ನಾವು ಕೆಲವರು ತಿಂಗಳಿಗೊಂದು ಭಾನುವಾರ ಕಥೆ ಓದಲು ಸೇರುತ್ತೇವೆ. ಪರಿಸರದ ಸೈಫೈ ಬರೆಯೋಣ ಅಂದ ದಿನದಿಂದ ಈ ಅಪ್ಪ-ಮಗ ನನ್ನ ಬೆನ್ನು ಬಿಟ್ಟಿಲ್ಲ. ಹೆಸರು ಬೇರೆ, ಇಸವಿ ಬೇರೆ, ಭಾಷಣ ಮಾತ್ರ ಅದೇ. ಮೂರನೇ ಪುಟಕ್ಕೆ ಖಳನಾಯಕ ಬರುತ್ತಾನೆ, ಓಟ ಶುರುವಾಗುತ್ತದೆ. ಸೋಲಾರ್ ಪ್ಯಾನಲ್ಲು ಗೋಡೆಗೆ ನೇತು ಹಾಕಿದ ಕ್ಯಾಲೆಂಡರಿನ ಹಾಗೆ ಹಿಂದೆಯೇ ಉಳಿಯುತ್ತದೆ.

ನಾನೇನು ಸಾಚಾ ಅಲ್ಲ. ನನ್ನ ಮೊದಲ ಕಥೆಯಲ್ಲಿ ಸೋಲಾರ್ ದೋಣಿಯೊಂದು ಮಧ್ಯರಾತ್ರಿ ಪ್ರವಾಹದಲ್ಲಿ ಹನ್ನೊಂದು ಜನರನ್ನು ಕಾಪಾಡಿತ್ತು. ಮನೆಗೆ ವೈರಿಂಗ್ ಕೆಲಸಕ್ಕೆ ಬಂದ ಎಲೆಕ್ಟ್ರಿಷಿಯನ್ ಮೇಜಿನ ಮೇಲಿದ್ದ ಹಾಳೆ ಓದಿ ಕೇಳಿದ: "ರಾತ್ರಿ ಹೊತ್ತು ಇದು ಯಾವುದರಲ್ಲಿ ಓಡ್ತದೆ ಸಾರ್? ಬ್ಯಾಟರಿ ಎಷ್ಟಿತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವನ ಪ್ರಶ್ನೆಯಲ್ಲೇ ಒಂದು ಕಥೆ ಇತ್ತು. ಬ್ಯಾಟರಿ ಎಂಟು ಜನಕ್ಕೆ ಮಾತ್ರ ಸಾಕು, ನೀರಲ್ಲಿ ನಿಂತವರು ಹನ್ನೊಂದು. ನಾನು ಯಂತ್ರದ ಹೊಗಳಿಕೆಯಿಂದ ಶುರು ಮಾಡಿದ್ದೆ. ಅದು ಎಲ್ಲಿ ಕೈಕೊಡುತ್ತದೆ ಎಂಬಲ್ಲಿಂದ ಶುರು ಮಾಡಬೇಕಿತ್ತು. ಕೆಳಗಿನ ಹಂತಗಳ ಕ್ರಮ ಅದಕ್ಕೇ ಹೀಗಿದೆ. ದಯವಿಟ್ಟು ಹಿಂದುಮುಂದು ಮಾಡಬೇಡಿ.

ಕೈಗೆ ಬೇಕಾದ ಸಾಮಾನು

ಒಂದು ನೋಟ್‌ಬುಕ್. ಫೋನಿನ ಕ್ಯಾಲ್ಕುಲೇಟರ್. ನೆಲದ ಎತ್ತರ ತೋರಿಸುವ ಯಾವುದಾದರೂ ನಕ್ಷೆ. 10 ಲೀಟರಿನ ಒಂದು ಬಕೆಟ್. ನಿಮ್ಮ ಮನೆಯ ಹೋದ ತಿಂಗಳ ಕರೆಂಟ್ ಬಿಲ್.

ಬಿಲ್ ಯಾಕೆ ಅಂದರೆ, ಒಂದು ಯೂನಿಟ್ (ಸಾವಿರ ವಾಟಿನ ಯಂತ್ರ ಒಂದು ಗಂಟೆ ಓಡಲು ಬೇಕಾದ ಕರೆಂಟ್) ಅಂದರೆ ಎಷ್ಟು ಅನ್ನೋದು ಮೈಗೆ ಗೊತ್ತಿರಬೇಕು. ಬಕೆಟ್ ಯಾಕೆ ಅಂತ ಆರನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಭೂಮಿಯನ್ನು ಬಿಡಿ, ಒಂದು ಕೆರೆ ಹಿಡಿಯಿರಿ

"ಹವಾಮಾನ ಬದಲಾವಣೆ" ಅಂತ ವಿಷಯ ಇಟ್ಟುಕೊಂಡರೆ ಕಥೆ ಆಗಲ್ಲ, ಪ್ರಬಂಧ ಆಗುತ್ತದೆ. ಒಂದು ಕೆರೆ, ಒಂದು ರಾಜಕಾಲುವೆ, ಒಂದು ಅಪಾರ್ಟ್‌ಮೆಂಟಿನ ಸಂಪು, ಒಂದು ಬಸ್ ಡಿಪೋ. ಇಷ್ಟೇ ಸಾಕು.

ಬೆಂಗಳೂರಿನವರಿಗೆ ವಿಷಯಕ್ಕೆ ಬರವೇ ಇಲ್ಲ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿದಾಗ ಆರಿಸಲು ಸೈನಿಕರೇ ಬರಬೇಕಾಯಿತು. ನೀರಿಗೆ ಬೆಂಕಿ ಬಿದ್ದ ಊರಲ್ಲಿ ಕೂತು ಮಂಗಳ ಗ್ರಹಕ್ಕೆ ಯಾಕೆ ಹೋಗಬೇಕು ಹೇಳಿ?

ಇಲ್ಲಿಂದ ಮುಂದೆ ಒಂದೇ ಮಾದರಿ ಕಥೆ ಕಟ್ಟುತ್ತಾ ಹೋಗುತ್ತೇನೆ. ಜಾಗ: ಬೆಳ್ಳಂದೂರು ಕೆರೆಯ ದಡದ ಒಂದು ಕೊಳಚೆ ನೀರು ಶುದ್ಧೀಕರಣ ಘಟಕ. ಎಲ್ಲರೂ ಎಸ್‌ಟಿಪಿ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ಕಾಲ: ಮುಂದಿನ ಯಾವುದೋ ಮಳೆಗಾಲ. ಇಸವಿ ಬೇಡ. ಇಸವಿ ಹಾಕಿದ ಕೂಡಲೇ ನೂರಕ್ಕೆ ತೊಂಬತ್ತು ಜನ ಹಾರುವ ಕಾರು ತರುತ್ತಾರೆ.

ಅಪಾಯದ ಸೂಚನೆ: ನಿಮ್ಮ ಮೊದಲ ಪುಟದಲ್ಲಿ "ಮಾನವಕುಲ" ಎಂಬ ಪದ ಇದ್ದರೆ ನೀವು ಇನ್ನೂ ಜಾಗ ಆರಿಸಿಲ್ಲ.

ಹಂತ 2: ಹೋಗಿ ನೋಡಿ, ಮೂಗಿನಿಂದ ಶುರು ಮಾಡಿ

ಯಂತ್ರದ ಬಗ್ಗೆ ಓದುವ ಮೊದಲು ಯಂತ್ರದ ಪಕ್ಕ ನಿಲ್ಲಿ. ನಗರದ ಎಷ್ಟೋ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಎಸ್‌ಟಿಪಿ ಇದೆ. ಅಸೋಸಿಯೇಷನ್ನಿನವರನ್ನು ಕೇಳಿ, ಆಪರೇಟರ್ ಜೊತೆ ಅರ್ಧ ಗಂಟೆ ಕಳೆಯಿರಿ.

ನಾನು ಹೋದಾಗ ಆಪರೇಟರ್ ಒಂದು ಲೀಟರಿನ ಗಾಜಿನ ಜಾಡಿ ತಂದ. ಗಾಳಿ ಊದುತ್ತಿದ್ದ ತೊಟ್ಟಿಯಿಂದ ನೀರು ಮೊಗೆದು ತುಂಬಿಸಿದ. ಬೆಲ್ಲದ ಪಾನಕದ ಬಣ್ಣ. ಕಿಟಕಿಯ ಕಟ್ಟೆ ಮೇಲೆ ಇಟ್ಟು, "ಅರ್ಧ ಗಂಟೆ ಮುಟ್ಟಬೇಡಿ" ಅಂದ. ಐದು ನಿಮಿಷಕ್ಕೆ ಕಂದು ಹತ್ತಿಯಂಥದ್ದು ಮೆಲ್ಲಗೆ ಕೆಳಗಿಳಿಯತೊಡಗಿತು. ಅರ್ಧ ಗಂಟೆಗೆ ಜಾಡಿಯ ತಳದಲ್ಲಿ ಮೂರನೇ ಒಂದು ಭಾಗದಷ್ಟು ಕಂದು, ಮೇಲೆ ತಿಳಿನೀರು. ಆ ಕಂದು ಬಣ್ಣದ್ದೇ ಬ್ಯಾಕ್ಟೀರಿಯಾ. ಕೊಳಚೆ ತಿನ್ನುವುದು ಅವು. ಚೆನ್ನಾಗಿದ್ದರೆ ಮೊದಲ ಮಳೆಯ ಮಣ್ಣಿನ ವಾಸನೆ. ಗಾಳಿ ಸಾಲದೆ ಕೆಟ್ಟರೆ ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಇಡೀ ಎಸ್‌ಟಿಪಿ ನಿಂತಿರುವುದು ಗಾಳಿ ಊದುವ ಬ್ಲೋವರ್ ಮೇಲೆ. ಅದು ನಿಂತು ಗಂಟೆಗಳು ಕಳೆದಂತೆ ಈ ಜೀವಿಗಳು ಸೊರಗುತ್ತವೆ. ಪೂರ್ತಿ ಸತ್ತರೆ ಮತ್ತೆ ಬೆಳೆಸಲು ವಾರಗಳೇ ಬೇಕು. ಬೇಗ ಆಗಬೇಕು ಅಂದರೆ ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಎಸ್‌ಟಿಪಿಯಿಂದ ಟ್ಯಾಂಕರಿನಲ್ಲಿ ಆ ಕಂದು ನೀರು ತಂದು ಸುರಿಯುತ್ತಾರೆ. ಸಗಣಿ ಹಾಕುವುದೂ ಉಂಟು. ಆಪರೇಟರ್ ಇದಕ್ಕೆ "ಕಲ್ಚರ್" ಅಂದ. ನಾನು ಮನಸ್ಸಲ್ಲೇ "ಹೆಪ್ಪು" ಅಂದುಕೊಂಡೆ. ಮೊಸರಿಗೆ ಪಕ್ಕದ ಮನೆಯಿಂದ ಹೆಪ್ಪು ತರುವುದಿಲ್ವಾ, ಅದೇ.

ಕಥೆ ಅಲ್ಲೇ ಸಿಕ್ಕಿತು. ಮಳೆಯಲ್ಲಿ ಮುಳುಗಿದ ನಗರದ ಮೂಲಕ, ಒಂದು ಟ್ಯಾಂಕರ್ ಹೆಪ್ಪನ್ನು, ಅದು ಸಾಯುವ ಮೊದಲು, ಜಕ್ಕೂರಿನಿಂದ ಬೆಳ್ಳಂದೂರಿನ ಎಸ್‌ಟಿಪಿಗೆ ಸಾಗಿಸಬೇಕು.

ಅಪಾರ್ಟ್‌ಮೆಂಟಿನ ಬಾಗಿಲು ತೆರೆಯದಿದ್ದರೆ ಬೇರೆ ಜಾಗಗಳಿವೆ. ಜಯನಗರ 5ನೇ ಬ್ಲಾಕಿನ ಮಳೆನೀರು ಸಂಗ್ರಹ ಥೀಮ್ ಪಾರ್ಕ್, ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳ. ಜಕ್ಕೂರು ಕೆರೆ ಅಂತೂ ಬಿಡಲೇಬೇಡಿ. ಅಲ್ಲಿ ಎಸ್‌ಟಿಪಿಯಿಂದ ಬಂದ ನೀರು ಜೊಂಡಿನ ಜೌಗು ದಾಟಿ ಕೆರೆ ಸೇರುತ್ತದೆ. ಏರಿ ಮೇಲೆ ನಡೆದರೆ ಹಸಿರು ತಂತ್ರಜ್ಞಾನ ಅಂದರೆ ಪ್ಯಾನಲ್ಲು ಮಾತ್ರ ಅಲ್ಲ, ಜೊಂಡಿನ ಬೇರೂ ಹೌದು ಅಂತ ಕಣ್ಣಿಗೇ ಕಾಣುತ್ತದೆ.

ಹಂತ 3: ಲೆಕ್ಕ ಹಾಕಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ಕಥೆಗಳು ಸೋಲುವುದೂ ಜಾಸ್ತಿ ಇಲ್ಲೇ. "ನಾನು ಕಲೆ ಓದಿದವಳು, ನನಗೆ ಗಣಿತ ಬರಲ್ಲ" ಅಂತ ನಮ್ಮ ಗುಂಪಿನಲ್ಲಿ ಒಬ್ಬರು ಹೇಳುತ್ತಲೇ ಇದ್ದರು. ಮನೆಯ ರೇಷನ್ ಲೆಕ್ಕ ಬಂದರೆ ಸಾಕು, ಇದೂ ಬರುತ್ತದೆ. ನಾಲ್ಕು ಲೆಕ್ಕ ತೋರಿಸುತ್ತೇನೆ.

ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30-40 ಸೈಟಿನ ಇಡೀ ಜಾಗ ಸುಮಾರು 111 ಚದರ ಮೀಟರ್. ಬೆಂಗಳೂರಿನ ವರ್ಷದ ಮಳೆ ಸರಾಸರಿ 970 ಮಿ.ಮೀ. ಆಸುಪಾಸು. ಗುಣಿಸಿದರೆ ಒಂದು ಲಕ್ಷ ಲೀಟರಿಗೂ ಜಾಸ್ತಿ. ದಿನಕ್ಕೆ ತಲಾ 135 ಲೀಟರ್ ಅಂತ ಹಿಡಿದರೆ ನಾಲ್ಕು ಜನರ ಮನೆಗೆ 200 ದಿನದ ನೀರು. ಇಲ್ಲಿಗೆ ನಿಲ್ಲಿಸಿದರೆ ಅದು ಜಾಹೀರಾತು. ಮುಂದಿನ ಸಾಲು ಬರೆಯಿರಿ: ಸಂಪು 6,000 ಲೀಟರಿನದು, 55 ಮಿ.ಮೀ. ಮಳೆಗೆ ತುಂಬಿ ಉಕ್ಕುತ್ತದೆ. ಉಳಿದ ನೀರು ಎಲ್ಲಿಗೆ ಹೋಗುತ್ತದೆ? ಪಕ್ಕದ ಮನೆಗೆ. ಈಗ ಜಗಳ ಶುರು, ಕಥೆಯೂ ಶುರು.

ಎತ್ತರ. ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಿಂದ ಸುಮಾರು 100 ಕಿ.ಮೀ. ದೂರ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆ ಬರಬೇಕು. ಸಾವಿರ ಲೀಟರನ್ನು 500 ಮೀಟರ್ ಎತ್ತಲು ಕನಿಷ್ಠ 1.36 ಯೂನಿಟ್ ಬೇಕು. ಪಂಪಿನ ನಷ್ಟ, ಪೈಪಿನ ಘರ್ಷಣೆ ಸೇರಿದರೆ ಇನ್ನೂ ಮೇಲೆ. ನಮ್ಮ ನಲ್ಲಿ ನೀರಿನಲ್ಲಿ ಕರೆಂಟೂ ಹರಿಯುತ್ತಿದೆ ಅನ್ನಿ. ಕರೆಂಟ್ ಹೋದರೆ ನೀರೂ ಹೋಗುತ್ತದೆ. ಒಂದೇ ಏಟಿಗೆ ಎರಡು ಕೊರತೆ.

ಗಾಳಿಯಿಂದ ನೀರು. ಕಥೆಗಾರರಿಗೆ ಈ ಯಂತ್ರದ ಮೇಲೆ ವಿಪರೀತ ಪ್ರೀತಿ. ಒಂದು ಲೀಟರ್ ಆವಿ ನೀರಾಗಬೇಕಾದರೆ ಅದರಿಂದ ತೆಗೆಯಬೇಕಾದ ಶಾಖವೇ ಸುಮಾರು 0.68 ಯೂನಿಟ್‌ನಷ್ಟು. ಒಳ್ಳೆಯ ಯಂತ್ರ ಇದಕ್ಕಿಂತ ಕಡಿಮೆ ಕರೆಂಟಿನಲ್ಲಿ ಆ ಶಾಖವನ್ನು ಹೊರಹಾಕಬಹುದು. ಆದರೂ ಪಂಪು ಮಾಡಿದ ನೀರಿಗಿಂತ ನೂರಾರು ಪಟ್ಟು ದುಬಾರಿ. ಮಂಗಳೂರಿನ ಸೆಖೆಗೆ ಚೆನ್ನಾಗಿ ಕೆಲಸ ಮಾಡುವ ಯಂತ್ರ ಬೆಂಗಳೂರಿನ ಮಾರ್ಚ್ ಮಧ್ಯಾಹ್ನದ ಒಣ ಗಾಳಿಗೆ ಏದುಸಿರು ಬಿಡುತ್ತದೆ. ನೀರು ಬೇಕಾದ ದಿನವೇ ನೀರು ಕೊಡದ ಯಂತ್ರ! ಹೀಗೆ ಬರೆದರೆ ನಾನು ಓದುತ್ತೇನೆ.

ಬ್ಯಾಟರಿ. ಈಗ ನಮ್ಮ ಟ್ಯಾಂಕರಿಗೆ ಬರೋಣ. ಹೆಪ್ಪು 6,000 ಲೀಟರ್, ಅಂದರೆ 6 ಟನ್. ಗಾಡಿಯೂ ಸೇರಿ 10 ಟನ್ ಅನ್ನಿ. ಎಲೆಕ್ಟ್ರಿಕ್ ಗಾಡಿ, ಕಿಲೋಮೀಟರಿಗೆ ಒಂದು ಯೂನಿಟ್ ಅಂತ ಇಟ್ಟುಕೊಳ್ಳೋಣ. ಜಕ್ಕೂರಿನಿಂದ ಹೆಬ್ಬಾಳ, ಕೆ.ಆರ್. ಪುರ, ಮಾರತಹಳ್ಳಿ ದಾಟಿ ಬೆಳ್ಳಂದೂರಿಗೆ ಸುಮಾರು 28 ಕಿ.ಮೀ. ಹಾಗಾದರೆ 28 ಯೂನಿಟ್. ಹೆಪ್ಪಿಗೆ ಗಾಳಿ ಊದುವ ಸಣ್ಣ ಬ್ಲೋವರಿಗೆ ಗಂಟೆಗೆ 1.5 ಯೂನಿಟ್. ಬ್ಯಾಟರಿಯಲ್ಲಿ ಉಳಿದಿರುವುದು 32.

ರಸ್ತೆ ಖಾಲಿ ಇದ್ದರೆ ಒಂದೂವರೆ ಗಂಟೆ. 28ಕ್ಕೆ 2.25 ಕೂಡಿ, 30.25. ಸಾಕು. ಮಳೆ ಬಂದು ರಸ್ತೆ ಕಟ್ಟಿ ಐದು ಗಂಟೆ ಹಿಡಿದರೆ? 28ಕ್ಕೆ 7.5 ಕೂಡಿ, 35.5. ಸಾಲದು. ಗಾಡಿ ಓಡಿಸಿದರೆ ಹೆಪ್ಪು ಸಾಯುತ್ತದೆ, ಗಾಳಿ ಊದಿದರೆ ಗಾಡಿ ನಿಲ್ಲುತ್ತದೆ.

ಈ ಮೂರೂವರೆ ಯೂನಿಟ್ಟೇ ನನ್ನ ಕಥೆಯ ಗಂಟು. ನಾನು ಕಷ್ಟಪಟ್ಟು ಹುಟ್ಟಿಸಿದ್ದಲ್ಲ, ಲೆಕ್ಕದಿಂದ ತಾನಾಗಿ ಬಂತು. ದಾರಿಯಲ್ಲಿ ಗಿಟ್ಟಿಸುವ ಸಣ್ಣಪುಟ್ಟದ್ದೂ ಲೆಕ್ಕದಲ್ಲೇ ಇದೆ. 10 ಟನ್ ಗಾಡಿ 40 ಮೀಟರ್ ಇಳಿಜಾರು ಇಳಿದರೆ ಬ್ರೇಕು ಹಿಡಿದಾಗ ಮೋಟರೇ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ವಾಪಸ್ ಕೊಡಬಹುದಾದದ್ದು ಹೆಚ್ಚೆಂದರೆ 1.1 ಯೂನಿಟ್. ಟ್ಯಾಂಕಿನ ಮೇಲೆ 10 ಚದರ ಮೀಟರ್ ಪ್ಯಾನಲ್ ಹಾಸಿದ್ದರೆ ಸುಡು ಬಿಸಿಲಲ್ಲಿ 2 ಕಿಲೋವಾಟ್. ಕಾರ್ಮೋಡದಲ್ಲಿ ಅದರ ಒಂದು ಚೂರು. ರಾತ್ರಿ ಸೊನ್ನೆ. ನನ್ನ ಎಲೆಕ್ಟ್ರಿಷಿಯನ್‌ಗೆ ಈಗ ಖುಷಿಯಾಗುತ್ತದೆ.

ಸಾಮಾನ್ಯ ತಪ್ಪು: ಹಾಕಿದ ಲೆಕ್ಕವನ್ನೆಲ್ಲ ಕಥೆಗೆ ಸುರಿಯುವುದು. ಮೇಲಿನ ನಾಲ್ಕು ಲೆಕ್ಕದಲ್ಲಿ ಓದುಗರಿಗೆ ತಲುಪಬೇಕಾದ್ದು ಎರಡೇ ಅಂಕಿ: ಬ್ಯಾಟರಿಯಲ್ಲಿ 32, ಬೇಕಾದದ್ದು 35 ಚಿಲ್ಲರೆ. ಉಳಿದದ್ದು ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ.

ಹಂತ 4: ಒಂದೇ ಒಂದು ಸುಳ್ಳು

ಸೈಫೈ ಅಂದಮೇಲೆ ಇಲ್ಲದ್ದೊಂದು ಇರಲೇಬೇಕು. ಒಂದು ಸಾಕು. ಎರಡಾದರೆ ಓದುಗ ಅನುಮಾನ ಪಡುತ್ತಾನೆ. ಮೂರಾದರೆ ಯಾವ ಕಷ್ಟ ಬಂದರೂ ಲೇಖಕ ಇನ್ನೊಂದು ಯಂತ್ರ ತೆಗೆಯುತ್ತಾನೆ ಅಂತ ಗೊತ್ತಾಗಿ ಭಯವೇ ಹೋಗುತ್ತದೆ.

ನಮ್ಮ ಕಥೆಯ ಸುಳ್ಳು ಇದು: ನೊರೆ ಎಬ್ಬಿಸುವ ಸೋಪಿನ ಅಂಶವನ್ನು ಕ್ಷಣದಲ್ಲಿ ತಿಂದುಹಾಕುವ ಹೊಸ ತಳಿಯ ಹೆಪ್ಪು. ಬೆಳ್ಳಂದೂರು, ವರ್ತೂರಿನ ನೊರೆಯ ಕಾರಣ ನಿಜವೇ. ಬಟ್ಟೆ, ಪಾತ್ರೆ ತೊಳೆದ ಸೋಪಿನ ನೀರು ಕೊಳಚೆ ಜೊತೆ ಕೆರೆಗೆ ಬರುತ್ತದೆ, ಕೋಡಿಯಲ್ಲಿ ಧುಮುಕಿ ಕಡೆದಂತಾಗಿ ನೊರೆ ಏಳುತ್ತದೆ. ಅದನ್ನು ಇಷ್ಟು ಬೇಗ ತಿನ್ನುವ ಜೀವಿ ಮಾತ್ರ ನನ್ನ ಕಲ್ಪನೆ.

ಸುಳ್ಳು ಹೇಳಿದ ಕೂಡಲೇ ಅದಕ್ಕೊಂದು ದಂಡ ಕಟ್ಟಿ. ಈ ತಳಿ ಎಷ್ಟು ಬೇಗ ತಿನ್ನುತ್ತದೋ ಅಷ್ಟು ಜಾಸ್ತಿ ಉಸಿರಾಡುತ್ತದೆ. 40 ನಿಮಿಷ ಗಾಳಿ ಇಲ್ಲದಿದ್ದರೆ ಸತ್ತೇ ಹೋಗುತ್ತದೆ. ಇದೂ ಕಥೆಯ ನಿಯಮ, ವಿಜ್ಞಾನದ್ದಲ್ಲ. ಆದರೆ ಹಾಕಿದ ಮೇಲೆ ಲೇಖಕನೂ ಮುರಿಯುವಂತಿಲ್ಲ. ಕ್ಲೈಮ್ಯಾಕ್ಸ್‌ನಲ್ಲಿ 55 ನಿಮಿಷ ಬದುಕಿಸಿದಿರೋ, ಮೋಸ.

ಇನ್ನೊಂದು ಗಡಿಯಾರ ಬೇಕಿಲ್ಲ. ಬಾಂಬಿನ ಟಿಕ್ ಟಿಕ್ ಬೇಡ. ಉಸಿರುಗಟ್ಟುವ ಹೆಪ್ಪೇ ಗಡಿಯಾರ.

ಹಂತ 5: ಕಂಡುಹಿಡಿದವರನ್ನು ಬಿಡಿ, ನೋಡಿಕೊಳ್ಳುವವರನ್ನು ಕರೆತನ್ನಿ

ವಿಜ್ಞಾನಿಯನ್ನು ನಾಯಕ ಮಾಡಿದರೆ ಅವರು ವಿವರಿಸುತ್ತಾರೆ. ಅದು ಅವರ ಸ್ವಭಾವ, ಏನೂ ಮಾಡಲಾಗದು. ಆಪರೇಟರ್, ಲೈನ್‌ಮ್ಯಾನ್, ಟ್ಯಾಂಕರ್ ಡ್ರೈವರ್ ಬಂದರೆ ಕೈ ಕೆಲಸ ಮಾಡುತ್ತದೆ. ಹಳೆಯ ಕೆರೆಗಳ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುತ್ತಿದ್ದ ನೀರುಗಂಟಿ ನಮ್ಮ ಕಡೆ ಇದ್ದೇ ಇದ್ದ. ಮುಂದಿನ ಕಾಲದ ನೀರುಗಂಟಿ ಹೇಗಿರುತ್ತಾಳೆ ಅಂತ ಯೋಚಿಸಿ. ನನ್ನ ಕಥೆಯಲ್ಲಿ ಅವಳ ಹೆಸರು ಚೆನ್ನಿ. ಇಪ್ಪತ್ತೆರಡು ವರ್ಷ. ಟ್ಯಾಂಕರ್ ಓಡಿಸುವವನು ಅವಳಿಗಿಂತ ತುಂಬ ದೊಡ್ಡವನು. ಅವಳು ಅವನನ್ನು ಅಣ್ಣ ಅನ್ನುತ್ತಾಳೆ.

ಗೊತ್ತಿದ್ದವರು ಗೊತ್ತಿದ್ದವರಿಗೆ ಪಾಠ ಹೇಳುವುದಿಲ್ಲ. ಇದು ಕೆಟ್ಟ ಸಾಲು:

"ಅಣ್ಣಾ, ನಿಮಗೆ ತಿಳಿದಿರುವ ಹಾಗೆ ಈ ಬ್ಯಾಕ್ಟೀರಿಯಾಗಳಿಗೆ ನಿರಂತರ ಆಮ್ಲಜನಕ ಬೇಕು."

ಇದನ್ನು ಹೀಗೆ ಮಾಡಿ:

"ಎಷ್ಟೊತ್ತಾಯ್ತು ಗಾಳಿ ನಿಂತು?"
"ಇಪ್ಪತ್ತು ನಿಮಿಷ ಅಣ್ಣಾ."
"ಮುಚ್ಚಳ ತೆಗಿ. ಮೂಸಿ ನೋಡು."
"ಇನ್ನೂ ಮಣ್ಣಿನ ವಾಸ್ನೆನೇ ಐತೆ."
"ಸರಿ, ಹತ್ತು. ಹೊರಡೋಣ."

ಆಮ್ಲಜನಕ ಎಂಬ ಪದವೇ ಇಲ್ಲ. ಆದರೂ ಏನು ಸಾಯುತ್ತಿದೆ, ಎಷ್ಟು ಸಮಯ ಇದೆ, ಹೇಗೆ ಗೊತ್ತಾಗುತ್ತದೆ, ಎಲ್ಲ ಓದುಗರಿಗೆ ಸಿಕ್ಕಿತು.

ಒಂದು ಎಚ್ಚರಿಕೆ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಸಾಹಸ ಅಂತ ಮನುಷ್ಯನನ್ನು ಮ್ಯಾನ್‌ಹೋಲಿಗೆ ಇಳಿಸಬೇಡಿ. ಗುಂಪಿಗೆ ಬರುವ ಕಥೆಗಳಲ್ಲಿ ಇದು ಪದೇ ಪದೇ ಬರುತ್ತದೆ. ಒಳಗಿನ ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗೇ ಸತ್ತು ವಾಸನೆ ನಿಂತುಹೋಗುತ್ತದೆ. ವಾಸನೆ ಹೋಯಿತು ಅಂದರೆ ಬಚಾವಾದೆ ಅಂತಲ್ಲ, ಸಾವು ಹತ್ತಿರ ಬಂತು ಅಂತ. ರಕ್ಷಣಾ ಸಾಧನವಿಲ್ಲದೆ ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿ 2013ರಲ್ಲೇ ಕಾಯ್ದೆ ಬಂದಿದೆ, ಆಮೇಲೂ ಜನ ಸಾಯುತ್ತಿದ್ದಾರೆ. ನಾಯಕ ಇಳಿದು ಗೆದ್ದು ಬರುವ ದೃಶ್ಯ ಬರೆಯುವುದು ನಾಚಿಕೆಗೇಡು. ಇಳಿಯಲು ಹೊರಟವನ ತೋಳು ಹಿಡಿದು ನಿಲ್ಲಿಸುವ ದೃಶ್ಯ ಬರೆಯಿರಿ, ಅದರಲ್ಲೇ ಬೇಕಾದಷ್ಟು ಎದೆಬಡಿತ ಇದೆ.

ಹಂತ 6: ನೀರು ಹರಿಯುವ ದಾರಿಯೇ ಕಥೆಯ ದಾರಿ

ನಕ್ಷೆ ತೆಗೆಯಿರಿ. ಬೆಂಗಳೂರು ದಿಬ್ಬದ ಮೇಲಿನ ಊರು. ಪಶ್ಚಿಮದ ಇಳಿಜಾರಿನ ಮಳೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ ಹೋಗುತ್ತದೆ. ಪೂರ್ವದ್ದು ಕೆರೆಯಿಂದ ಕೆರೆಗೆ ಇಳಿಯುತ್ತಾ ದಕ್ಷಿಣ ಪಿನಾಕಿನಿ ಸೇರುತ್ತದೆ. ಜಕ್ಕೂರು ಕೋಡಿ ಬಿದ್ದರೆ ರಾಚೇನಹಳ್ಳಿಗೆ, ಬೆಳ್ಳಂದೂರು ತುಂಬಿದರೆ ವರ್ತೂರಿಗೆ. ನೀರು ಹೀಗೆ ಹೋದರೆ, ರಿಂಗ್ ರಸ್ತೆ ಅದನ್ನು ಅಡ್ಡಕ್ಕೆ ಕತ್ತರಿಸಿಕೊಂಡು ಹೋಗುತ್ತದೆ. ರಸ್ತೆ ಮತ್ತು ರಾಜಕಾಲುವೆ ಸೇರುವ ಕಡೆ ಒಂದೊಂದು ಚುಕ್ಕೆ ಇಡಿ. ಸಾಹಸ ನಡೆಯಬೇಕಾದ ಜಾಗಗಳು ಆ ಚುಕ್ಕೆಗಳೇ. 2022ರ ಸೆಪ್ಟೆಂಬರಿನಲ್ಲಿ ರಿಂಗ್ ರಸ್ತೆಯ ಆಫೀಸುಗಳಿಗೆ ಜನ ಟ್ರ್ಯಾಕ್ಟರ್ ಹತ್ತಿ ಹೋಗಿದ್ದು ನೆನಪಿದೆ ಅಲ್ವಾ?

ಚೆನ್ನಿಯ ದಾರಿಯಲ್ಲಿ ಮೂರು ಚುಕ್ಕೆ ಇಟ್ಟೆ. ಹೆಬ್ಬಾಳದ ಕೆಳಗೆ ನೀರು ನಿಂತು ಒಂದು ಗಂಟೆ ಹೋಯಿತು. ಕೆ.ಆರ್. ಪುರದ ತೂಗು ಸೇತುವೆ ಮೇಲೆ ಟ್ರಾಫಿಕ್ ಕಟ್ಟಿ ಇನ್ನೊಂದು ಗಂಟೆ. ಮಾರತಹಳ್ಳಿ ದಾಟಿದ ಮೇಲೆ ಮೊಣಕಾಲುದ್ದ ನೀರು, ಬ್ಯಾಟರಿಯಲ್ಲಿ ಆರು ಯೂನಿಟ್, ಮುಂದೆ ನಾಲ್ಕೂವರೆ ಕಿ.ಮೀ. ನೀರು ಇಳಿಯಲು ಎರಡು ಗಂಟೆ. ಕಾಯುವಷ್ಟು ಹೊತ್ತೂ ಬ್ಲೋವರ್ ಹಾಕಿದರೆ ಮೂರು ಯೂನಿಟ್ ಹೋಯಿತು. ಉಳಿದ ಮೂರರಲ್ಲಿ ಗಾಡಿ ಕೆರೆ ತಲುಪುವುದಿಲ್ಲ.

ಇಲ್ಲಿ ನಾನು ವಾರಗಟ್ಟಲೆ ಸಿಕ್ಕಿಹಾಕಿಕೊಂಡಿದ್ದೆ. ಬಿಡಿಸಿದ್ದು ದರ್ಶಿನಿಯ ಕಾಫಿ. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದರೆ ನೊರೆ ಏಳುತ್ತದೆ, ಅಂದರೆ ಗಾಳಿ ಸೇರುತ್ತದೆ. ಹೆಪ್ಪನ್ನೂ ಹಾಗೇ ಎತ್ತಿ ಹೊಯ್ದರೆ? ಟ್ಯಾಂಕರಿನ ಕೆಳಗಿನ ವಾಲ್ವಿನಲ್ಲಿ ಹಿಡಿಯುವುದು, ಮೇಲಿನ ಮುಚ್ಚಳದಿಂದ ಎತ್ತರದಿಂದ ಸುರಿಯುವುದು. 6,000 ಲೀಟರ್, 10 ಲೀಟರಿನ ಬಕೆಟ್: ಒಂದು ಸುತ್ತಿಗೆ 600 ಬಕೆಟ್. ಅಕ್ಕಪಕ್ಕದ ಮನೆಗಳಿಂದ 30 ಜನ ಬಂದರೆ ತಲಾ 20. ನಿಮ್ಮ ಬಕೆಟ್ ತುಂಬಿಸಿ ತಲೆಗಿಂತ ಮೇಲಕ್ಕೆ 20 ಸಲ ಎತ್ತಿ ನೋಡಿ. ನಾನು ಹನ್ನೆರಡಕ್ಕೆ ಭುಜ ಹಿಡಿದುಕೊಂಡು ಕೂತೆ. ಆ ನೋವು ಹಾಗೇ ಕಥೆಗೆ ಹೋಯಿತು. ಅದಕ್ಕೇ ಬಕೆಟ್ ಇಟ್ಟುಕೊಳ್ಳಿ ಅಂದಿದ್ದು.

ಹಂತ 7: ಎದುರಾಳಿಗೂ ನ್ಯಾಯ ಇರಲಿ

ನಗುತ್ತಾ ಕೆರೆಗೆ ವಿಷ ಸುರಿಯುವ ಕಾರ್ಖಾನೆ ಮಾಲೀಕ ಬೇಡ. ಪರಿಸರದ ನಿಜವಾದ ಜಗಳ ಎರಡು ಒಳ್ಳೆಯದರ ನಡುವೆ ನಡೆಯುತ್ತದೆ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್, ಸುಮಾರು 13,000 ಎಕರೆ. ಜಮೀನು ಇದ್ದವರಿಗೆ ಗುತ್ತಿಗೆ ಹಣ ಬರುತ್ತದೆ. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ? ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಕೆರೆ ತುಂಬಿತು, ಬೋರ್‌ವೆಲ್‌ಗೆ ಜೀವ ಬಂತು ಅನ್ನುವವರಿದ್ದಾರೆ. ಇನ್ನೊಂದು ಹಂತ ಶುದ್ಧ ಮಾಡದೆ ಯಾಕೆ ಬಿಟ್ಟಿರಿ ಅಂತ ಕೇಳುವವರೂ ಇದ್ದಾರೆ. ಇಬ್ಬರ ಮಾತಿಗೂ ತಲೆ ಆಡಿಸುವಂತಿದ್ದರೆ ಅದೇ ಒಳ್ಳೆಯ ಎದುರಾಳಿ.

ಚೆನ್ನಿಯನ್ನು ತಡೆಯುವುದು ಮಾರತಹಳ್ಳಿ ಕಡೆಯ ಒಬ್ಬ ಅಜ್ಜಿ. "ಈ ಗಲೀಜು ನಮ್ಮ ಬೀದಿಲಿ ಚೆಲ್ಲಿದ್ರೆ ನಮ್ಮ ಬಾವಿ ಗತಿ ಏನು?" ಅವಳ ಪ್ರಶ್ನೆ ಸರಿ. ಬಕೆಟ್ ಹಿಡಿಯುವ ಮೊದಲು ಚೆನ್ನಿ ಅದಕ್ಕೆ ಉತ್ತರ ಕೊಡಲೇಬೇಕು.

ಹಂತ 8: ಹೆಸರಿಡುವಾಗ ಬೀದಿಗೆ ಕಿವಿ ಕೊಡಿ

"ಸೌರಶಕ್ತಿಚಾಲಿತ ಜಲಶುದ್ಧೀಕರಣ ಯಂತ್ರ" ಅಂತ ಯಾವ ಆಪರೇಟರೂ ಹೇಳುವುದಿಲ್ಲ. ಬಳಸುವವರು ಎರಡೇ ದಿನಕ್ಕೆ ಅಡ್ಡಹೆಸರು ಇಡುತ್ತಾರೆ. ಮೋಟರ್, ಪಂಪು, ವಾಲ್ವು, ಚಾರ್ಜು ನಮ್ಮವೇ ಆಗಿಹೋಗಿವೆ, ಧಾರಾಳವಾಗಿ ಬಳಸಿ. ತೂಬು, ಕೋಡಿ, ಏರಿ, ಹೂಳು, ಹೆಪ್ಪು ಮೊದಲಿನಿಂದಲೂ ನಮ್ಮವು. ಈ ಎರಡು ಗುಂಪು ಒಂದೇ ಸಾಲಿನಲ್ಲಿ ಬಂದರೆ ಮುಂದಿನ ಕಾಲದ ಕನ್ನಡ ತಾನಾಗಿ ಕೇಳಿಸುತ್ತದೆ: "ತೂಬಿನ ಸೆನ್ಸರ್ ಹೂಳಲ್ಲಿ ಮುಚ್ಚೋಗಿದೆ ಅಕ್ಕಾ."

ಹಂತ 9: ಕೊನೆಯಲ್ಲಿ ಲೆಕ್ಕ ಪೂರ್ತಿ ಚುಕ್ತಾ ಆಗಬಾರದು

ಕೊನೆಯ ಪುಟದಲ್ಲಿ ಮಳೆ ಸುರಿದು, ಕೆರೆ ತಿಳಿಯಾಗಿ, ಹಕ್ಕಿಗಳು ವಾಪಸ್ ಬಂದರೆ ನಾನು ಹಾಳೆ ಮಡಿಸಿಡುತ್ತೇನೆ. ಮೂರನೇ ಹಂತದಲ್ಲಿ ಅಷ್ಟು ಲೆಕ್ಕ ಹಾಕಿ ಇಲ್ಲಿ ಪುಕ್ಕಟೆ ಗೆಲುವು ಕೊಡುವುದು ಸರಿಯಲ್ಲ. ಏನು ಉಳಿಯಿತು, ಏನು ಹೋಯಿತು, ಎರಡನ್ನೂ ತೋರಿಸಿ.

ಚೆನ್ನಿಯ ಹೆಪ್ಪಿನಲ್ಲಿ ಅರ್ಧದಷ್ಟೇ ಬದುಕಿತು. ಬೆಳ್ಳಂದೂರಿನ ಎಸ್‌ಟಿಪಿ ಮತ್ತೆ ಉಸಿರಾಡಿತು. ವರ್ತೂರಿನ ಕೋಡಿಯಲ್ಲಿ ಈ ವರ್ಷ ನೊರೆ ಏಳುತ್ತದೆ. ಅಲ್ಲಿಯ ಆಪರೇಟರ್ ಬೆಳಗ್ಗೆ ಫೋನು ಮಾಡುತ್ತಾನೆ. ಚೆನ್ನಿ ಎತ್ತುತ್ತಾಳೆ.

ಹಂತ 10: ಕಿತ್ತು ನೋಡಿ, ಆಮೇಲೆ ಗೊತ್ತಿದ್ದವರಿಗೆ ಕೊಡಿ

ಕಥೆ ಮುಗಿದ ಮೇಲೆ ಹಸಿರು ಯಂತ್ರವನ್ನು ಕಿತ್ತು ಅಲ್ಲಿ ಡೀಸೆಲ್ ಎಂಜಿನ್ ಇಟ್ಟು ಓದಿ. ಒಂದು ಕಿಲೋ ಡೀಸೆಲ್ಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದೆ, ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಕಾಲು ಯೂನಿಟ್ಟಿನ ಆಸುಪಾಸು. ಎಂಜಿನ್ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವಾಗಿ ಪೋಲು ಮಾಡಿದರೂ ಚೆನ್ನಿಗೆ ಒಂದು ಕ್ಯಾನ್ ಡೀಸೆಲ್ ಸಿಕ್ಕಿದ್ದರೆ ಕಥೆಯೇ ಇರುತ್ತಿರಲಿಲ್ಲ. ನಿಮ್ಮ ಕಥೆ ಡೀಸೆಲ್ ಹಾಕಿದ ಮೇಲೂ ಹಾಗೇ ಓಡಿದರೆ, ಹಸಿರು ಬರೀ ಬಣ್ಣ. ಮೂರನೇ ಹಂತಕ್ಕೆ ವಾಪಸ್ ಹೋಗಿ.

ದಾಟಿದರೆ, ಹಾಳೆಯನ್ನು ಆ ಕೆಲಸ ಮಾಡುವವರಿಗೆ ಕೊಡಿ. ಸಾಹಿತ್ಯದ ಗೆಳೆಯರಿಗೆ ಆಮೇಲೆ.

ನಾನು ಜಾಡಿ ತೋರಿಸಿದ ಆಪರೇಟರಿಗೇ ಕೊಟ್ಟೆ. ರಾತ್ರಿ ಪಾಳಿಯಲ್ಲಿ ಓದಿದನಂತೆ. ಬಕೆಟ್ಟಿನ ಜಾಗ ಇಷ್ಟವಾಯಿತು ಅಂದ. ಮೊದಲ ಸಾಲಿಗೆ ಬೆರಳು ಇಟ್ಟ. ಅಲ್ಲಿ ನಾನು ಬರೆದಿದ್ದೆ: "ಚೆನ್ನಿಗೆ ಮೊದಲು ಬಂದದ್ದು ವಾಸನೆ."

"ವಾಸ್ನೆ ಬರೋ ಹೊತ್ತಿಗೆ ಲೇಟಾಗಿರ್ತದೆ ಸಾರ್. ಬ್ಲೋವರ್ ಬೆಲ್ಟು ಜಾರೋಕೆ ಶುರುವಾದ್ರೆ ಮೊದಲು ಸೌಂಡ್ ಬದಲಾಗ್ತದೆ. ನಾನು ಮಲಗಿದ್ರೂ ಎದ್ದುಬಿಡ್ತೀನಿ."

ಸಾಲು ಬದಲಾಯಿಸಿದೆ. ಈಗ ಕಥೆ ಚೆನ್ನಿ ನಿದ್ದೆಯಿಂದ ಎದ್ದು ಕೂರುವಲ್ಲಿಂದ ಶುರುವಾಗುತ್ತದೆ.